ಮಂಟಪದೊಳಗಿನ ರೂಟರ್

“ಬುದ್ಧೀ, ತಾವು ಹೇಳಿದ ಮಾತಿಗೆ ದಿನಾ ಪೂಜೆ ನಡೆಯುವ ಮನೆಯಲ್ಲಿ ಮಗಳೇ ಅಪ್ಪನ ಜೊತೆ ಮಾತು ಬಿಟ್ಟರೆ, ತಪ್ಪು ಎಲ್ಲಿದೆ? ಪೂಜೆಯಲ್ಲೋ, ಮಗಳಲ್ಲೋ?”

ಹೀಗೆ ಮಠದ ಗುರುಗಳನ್ನು ಕೇಳಿದವನು ಅಡವೀಶಯ್ಯ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು, ಮಠಕ್ಕೆ ಬಹುಕಾಲದ ಶಿಷ್ಯ. ಹುಡುಗರು ಅರ್ಧ ಉತ್ತರ ಹೇಳುವಷ್ಟರಲ್ಲಿ ಉಳಿದರ್ಧವನ್ನು ತಾನೇ ಹೇಳಿ, ಅದು ತಪ್ಪೆಂದು ಬೈದು ಕೂರಿಸುವುದು ಅವನಿಗೆ ಕೈಬಂದ ವಿದ್ಯೆ. ನಿವೃತ್ತಿಯಾದ ಮೇಲೆ ಹುಡುಗರು ತಪ್ಪಿಸಿಕೊಂಡರು, ಮನೆಯವರು ಸಿಕ್ಕಿಬಿದ್ದರು.

ಹಿಂದೆ ಒಮ್ಮೆ ಗುರುಗಳು ಅವನಿಗೆ ಒಂದು ಮಾತು ಹೇಳಿದ್ದರು: ‘ಎದುರಿನವರ ಮಾತು ಮುಗಿಯುವವರೆಗೆ ಕೇಳು.’ ಅಷ್ಟೇ. ಅಡವೀಶಯ್ಯ ಪುಳಕಿತನಾಗಿ ಅದನ್ನು ತಗಡಿನ ಮೇಲೆ ಕೆತ್ತಿಸಿದ, ಕಟ್ಟು ಹಾಕಿಸಿದ, ದೇವರ ಮನೆಯಲ್ಲಿ ಶಿವಪಾರ್ವತಿಯರ ಪಟದ ಪಕ್ಕದಲ್ಲೇ ತೂಗುಹಾಕಿದ. ಅಂದಿನಿಂದ ಬೆಳಗಿನ ವಿಭೂತಿ, ಗಂಧ, ಹೂವು ಯಾವುದೂ ಅದಕ್ಕೆ ತಪ್ಪಿಲ್ಲ. ಜ್ವರ ಬಂದ ದಿನವೂ ಎದ್ದು ಪೂಜೆ ಮಾಡಿದ್ದಾನೆ. ಇದನ್ನು ಅವನೇ ಎಲ್ಲರಿಗೂ ಹೇಳುತ್ತಾನೆ.

“ಏನಾಯಿತು?” ಎಂದು ಗುರುಗಳು ಕೇಳಿದರು.

“ಆಗೋದೇನು ಬುದ್ಧೀ, ಅವತ್ತು ನಮ್ಮ ದಾಕ್ಷಾಯಣಿ ಅಡುಗೆಮನೆ ಬಾಗಿಲಲ್ಲಿ ನಿಂತು ‘ಅಪ್ಪಾ, ನಿಮ್ಮ ಹತ್ರ ಒಂದು ಮಾತು ಹೇಳಬೇಕು’ ಅಂದಳು. ನಾನೇನು ಬೇಡ ಅಂದೆನೇ? ‘ಹೇಳಮ್ಮ, ಆ ಹಲ್ಲಿನ ಡಾಕ್ಟರ ಹತ್ರ ಕೆಲಸ ಬಿಡ್ತೀನಿ ಅಂತ ತಾನೇ?’ ಅಂದೆ. ಯಾಕೆ ಬಿಡಬಾರದು ಅಂತ ಸಮಾಧಾನವಾಗಿ ಬಿಡಿಸಿ ಹೇಳಿದೆ. ಅವಳು ‘ಅದಲ್ಲಪ್ಪಾ’ ಅಂದಳು. ಅದಲ್ಲದಿದ್ದರೆ ಮದುವೆ ವಿಷಯವೇ ಇರಬೇಕು ಅಂತ ಅದನ್ನೂ ಹೇಳಿದೆ. ಎಲ್ಲಾ ಪ್ರೀತಿಯಿಂದಲೇ. ತಿರುಗಿ ಹೊರಟುಹೋದಳು. ಅವತ್ತಿನಿಂದ ಮಾತಿಲ್ಲ. ನಾನು ಎದುರಿಗೇ ಕೂತಿರ್ತೀನಿ, ಅವರಮ್ಮನ ಕಡೆ ತಿರುಗಿ ‘ಅಪ್ಪನಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳು’ ಅಂತಾಳೆ. ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ!”

ಅವನ ದನಿ ತಗ್ಗಿತು.

“ಅಟ್ಟದಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸಿಟ್ಟಿದ್ದಾಳೆ ಬುದ್ಧೀ. ಎಲ್ಲಿಗಾದರೂ ಹೊರಟುಬಿಡ್ತಾಳೋ ಅಂತ ಭಯ.”

ಗುರುಗಳು ಅವನ ಮುಖವನ್ನೇ ನೋಡಿದರು. ಅವನಿಗೆ ಹೇಳುವುದು ಇನ್ನೂ ಇದೆಯೇನೋ ಎಂದು ಕಾದರು. ಇಲ್ಲವೆಂದು ಖಾತ್ರಿಯಾದ ಮೇಲೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆ, ತಾಮ್ರ, ಕಂಚು ಇವೇ ಅವನ ಬದುಕು. ಒಳ್ಳೆಯವನು. ಒಳ್ಳೆಯವನಲ್ಲದಿದ್ದರೆ ಅವನ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಕೆಟ್ಟವರು ಮಾಡುವ ಅನಾಹುತಕ್ಕೆ ಯಾರೂ ಕಾರಣ ಹುಡುಕುವುದಿಲ್ಲ.

ಆ ಮನೆಗೆ ಒಬ್ಬ ಸೊಸೆ ಬಂದಳು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ವಿದ್ಯೆ ಕಲಿತವಳು. ಆ ಪಾಠದಲ್ಲಿ ಬಾಯಿಗೆ ಕೆಲಸವಿಲ್ಲ, ಕೈಯೇ ಮಾತು. ಅವಳ ಶಾಲೆ ದೂರದ ಊರಿನಲ್ಲಿತ್ತು. ಊರೂರಿನ ಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಪರದೆಯ ಮುಂದೆ ಕೂರುತ್ತಿದ್ದರು. ಸೊಸೆ ಇಲ್ಲಿ ಕೂತು ಕೈ ಆಡಿಸಿದರೆ ಅವರು ಅಲ್ಲಿ ನೋಡಿ ಕಲಿಯುತ್ತಿದ್ದರು.

ಆದರೆ ಆ ಬೀದಿಯಲ್ಲಿ ಮೊಬೈಲಿನ ಇಂಟರ್ನೆಟ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ ಮಾತ್ರ. ಅಲ್ಲಿ ಅತ್ತೆಯ ಹಪ್ಪಳ, ಹಪ್ಪಳಕ್ಕೆ ಕೋತಿ. ಸೊಸೆ ಪಾಠ ಹೇಳುವ ಕೈಯಲ್ಲೇ ಕೋತಿಯನ್ನೂ ಓಡಿಸಬೇಕಾಗಿತ್ತು. ಅವಳು ಕೋತಿಗೆ ಕೈ ಬೀಸಿದರೆ ಮಕ್ಕಳು ಅದನ್ನೂ ಪಾಠವೆಂದೇ ತಿಳಿದು ಭಕ್ತಿಯಿಂದ ತಾವೂ ಬೀಸುತ್ತಿದ್ದವು. ಸಿಗ್ನಲ್ ನಿಂತಾಗ ಅವಳ ಕೈಯೂ ಪರದೆಯಲ್ಲಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಅರ್ಧ ಮಾತು ಅಲ್ಲಿಗೇ ಅರ್ಧ.

ಶಾಲೆಯವರು ಹೇಳಿಕಳಿಸಿದರು, “ಮನೆಗೆ ಇಂಟರ್ನೆಟ್ ಸರಿಯಾಗಿ ಹಾಕಿಸಿಕೊಳ್ಳಿ. ಆಗದಿದ್ದರೆ ಇಲ್ಲಿಗೇ ಬಂದು ಇದ್ದುಬಿಡಿ. ಮಕ್ಕಳ ಪಾಠ ಕೆಡಬಾರದು.”

ಇದನ್ನು ಕೇಳಿ ವ್ಯಾಪಾರಿ ಹೆದರಿದ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ಇದ್ದೊಬ್ಬ ಮಗ ಸರಕು ತರಲು ಊರೂರು ಅಲೆಯುವವನು. ಗಂಡಹೆಂಡಿರು ಎದುರುಬದುರು ಕೂತು, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲದೆ ಉಣ್ಣುತ್ತಿದ್ದ ಮನೆ ಅದು. ಸೊಸೆ ಬಂದ ಮೇಲೆ ಊಟದ ಹೊತ್ತಿಗೆ ನಗು ಹುಟ್ಟಿತ್ತು. ಅದು ಹೊರಟುಹೋದರೆ ತಾನು ಬದುಕುವುದು ಕಷ್ಟವೆಂದು ವ್ಯಾಪಾರಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಅನ್ನಿಸಿದ್ದಂತೂ ನಿಜ.

“ನೀನು ಎಲ್ಲೂ ಹೋಗಬೇಡ ಕಣಮ್ಮ. ವೈಫೈ ತಾನೇ? ಊರಿಗೆಲ್ಲ ಸಿಗೋದು ನಮಗೆ ಸಿಗಲ್ವಾ? ನಾನಿದ್ದೀನಿ.”

“ಮಾವ, ಅದನ್ನ ಹಾಕಿಸೋವಾಗ ಒಂದು ವಿಷಯ...”

“ಗೊತ್ತು ಕಣಮ್ಮ. ಒಳ್ಳೇದೇ ಹಾಕಿಸ್ತೀನಿ. ಅಗ್ಗದ್ದು ತಂದು ಗೋಳಾಡೋ ಪೈಕಿ ನಾನಲ್ಲ.”

ಮಾವ ಆಗಲೇ ಚಪ್ಪಲಿ ಮೆಟ್ಟಿದ್ದ.

ಕೇಬಲ್ಲಿನವನು ಬಂದ. ತಂತಿ ಎಳೆದ. ರೂಟರ್ ಎಂಬ ಆ ಸಣ್ಣ ಡಬ್ಬಿಯನ್ನು ಕೈಯಲ್ಲಿ ಹಿಡಿದು, “ಎಲ್ಲಿ ಕೂರಿಸಲಿ?” ಎಂದ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಿಕ್ಸಿಯಾಗಲಿ, ತಕ್ಕಡಿಯಾಗಲಿ, ಹೊಸದಾಗಿ ಬಂದ ಯಾವ ವಸ್ತುವೂ ಮೊದಲು ದೇವರ ಮುಂದೆ ಕೂತು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಆಮೇಲೆ ಕೆಲಸಕ್ಕೆ ಇಳಿಯಬೇಕು. ಒಳ್ಳೆಯ ಪದ್ಧತಿಯೇ. ಮಿಕ್ಸಿ ಒಂದು ದಿನ ದೇವರ ಮನೆಯಲ್ಲಿ ಕೂತು ಮಾರನೆಯ ದಿನ ಅಡುಗೆಮನೆಗೆ ಬಂದು ಚಟ್ನಿ ರುಬ್ಬುತ್ತಿತ್ತು. ಆದರೆ ಇದು ಮಿಕ್ಸಿಯಲ್ಲ. ಸೊಸೆಯನ್ನು ಮನೆಯಲ್ಲಿ ಉಳಿಸುವ ವಸ್ತು ಇದು. ಇದನ್ನು ಕಂಡಕಂಡಲ್ಲಿ ಇಡುವುದೇ?

ವ್ಯಾಪಾರಿ ದೇವರ ಮನೆಯ ಕಡೆ ಕೈ ತೋರಿಸಿ, “ಅಲ್ಲೇ ಕೂರಿಸು, ಅಲ್ಲೇ ಇರಲಿ” ಎಂದ.

ಕೇಬಲ್ಲಿನವನು ಏನೋ ಹೇಳಲು ಬಾಯಿ ತೆರೆದ. ವ್ಯಾಪಾರಿ ಅವನ ಕೈಗೆ ಕಾಫಿ ಲೋಟ ಕೊಟ್ಟ. ಮಾತು ಕಾಫಿಯ ಜೊತೆಗೆ ಹೊಟ್ಟೆಗೆ ಇಳಿಯಿತು. ಅವನಿಗೂ ಬೇರೆ ಮನೆಗಳಿದ್ದವು.

ಆಮೇಲೆ ವ್ಯಾಪಾರಿ ಅಂಗಡಿಗೆ ಹೋಗಿ, ಇದ್ದುದರಲ್ಲಿ ಚೆನ್ನಾದ ಹಿತ್ತಾಳೆಯ ಮಂಟಪ ತಂದ. ಸುತ್ತಲೂ ತಗಡು, ಮೇಲೆ ಗೋಪುರ, ಮುಂದೆ ಎರಡು ಬಾಗಿಲು. ರೂಟರನ್ನು ಒಳಗಿಟ್ಟು ಬಾಗಿಲು ಮುಚ್ಚಿದ. ಹಿತ್ತಾಳೆಯೊಳಗೆ ಕೂರಿಸಿದ ಸಿಗ್ನಲ್ ಹೊರಗೆ ಬರಲಾರದೆ ಒದ್ದಾಡುತ್ತದೆ. ಇದೇನು ದೊಡ್ಡ ರಹಸ್ಯವಲ್ಲ, ನಮ್ಮ ಮಠದ ಹಾಸ್ಟೆಲ್ಲಿನ ಹುಡುಗರಿಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ.

“ಅಯ್ಯೋ, ಇಂಥ ಮೂಢರು ಇದ್ದಾರೆ ಬುದ್ಧೀ!” ಎಂದು ಅಡವೀಶಯ್ಯ ನಡುವೆ ಬಾಯಿ ಹಾಕಿದ. “ನಮ್ಮ ಬೀದಿಯಲ್ಲೇ ಒಬ್ಬ ಹೊಸ ಟಿವಿಗೆ ತೆಂಗಿನಕಾಯಿ ಒಡೆಯೋಕೆ ಹೋಗಿ...”

ಕಾಯಿಯ ಕತೆ ಉದ್ದವಾಗಿತ್ತು. ಟಿವಿಯಿಂದ ಅದು ಟಿವಿಯವನ ಅಳಿಯನಿಗೆ ಹೋಯಿತು, ಅಳಿಯನಿಂದ ಈಗಿನ ಕಾಲದ ಹುಡುಗರಿಗೆ. ಗುರುಗಳು ಅದು ಮುಗಿಯುವವರೆಗೂ ಕೇಳಿದರು. ಹಣೆಯ ಮೇಲೆ ಒಂದು ಗೆರೆ ಮೂಡಿತ್ತು, ಅಷ್ಟೇ. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿದರು.

ಇನ್ನು ಮಡಿಯ ವಿಷಯ. ಆ ಮನೆಯ ದೇವರ ಕೋಣೆಗೆ ಮಡಿಯಿಲ್ಲದೆ ಯಾರೂ ಕಾಲಿಡುವಂತಿಲ್ಲ. ರೂಟರ್ ಎಂಬ ಯಂತ್ರಕ್ಕೆ ಆಗಾಗ ಮಂಕು ಕವಿಯುತ್ತದೆ. ಸ್ವಿಚ್ ಆರಿಸಿ, ತುಸು ಹೊತ್ತು ಬಿಟ್ಟು ಹಾಕಿದರೆ ಸರಿಹೋಗುತ್ತದೆ. ಬೇರೆ ಮನೆಗಳಲ್ಲಿ ಹಾದುಹೋಗುವವರು ಯಾರಾದರೂ ಮಾಡುವ ಕೆಲಸ. ಇಲ್ಲಿ ಅದಕ್ಕೆ ವ್ಯಾಪಾರಿ ಅಂಗಡಿಯಿಂದ ಬರಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಒದ್ದೆ ಪಂಚೆಯುಟ್ಟು ಒಳಗೆ ಹೋಗಬೇಕು, ಮಂಟಪದ ಬಾಗಿಲು ತೆರೆದು ಕೈಮುಗಿದು ಸ್ವಿಚ್ ಆರಿಸಬೇಕು. ಅಷ್ಟರಲ್ಲಿ ಪಾಠದ ಹೊತ್ತು ಮುಗಿದಿರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಗಾದೆ. ಇಲ್ಲಿ ಪೂಜಾರಿ ಕೊಡಲೆಂದೇ ಓಡೋಡಿ ಬರುತ್ತಿದ್ದ, ಪಾಪ. ಸ್ನಾನವೇ ಮುಗಿಯುತ್ತಿರಲಿಲ್ಲ.

ಸೊಸೆಯ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಅಲ್ಲಿಗೆ ಸಿಗ್ನಲ್ ಹೋಗಿ ಮುಟ್ಟುವಷ್ಟರಲ್ಲಿ ಅದರ ಜೀವ ಹೋಗಿರುತ್ತಿತ್ತು. ಚಿತ್ರ ಬರುವುದು, ನಿಲ್ಲುವುದು. ಕೈ ಏಳುವುದು, ಅಲ್ಲೇ ಕಲ್ಲಾಗುವುದು.

ವ್ಯಾಪಾರಿಗೆ ರೇಗಿಹೋಯಿತು. ಕಂಪನಿಗೆ ಫೋನು ಮಾಡಿದ. ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು, ಒತ್ತಿದ. ದೂರಿಗಾಗಿ ಎರಡನ್ನು ಒತ್ತಿ ಎಂದಿತು, ಒತ್ತಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಸಂಗೀತ ಹಾಕಿತು. ಅಮೂಲ್ಯವಾದರೆ ಎತ್ತಬಾರದೇನ್ರೋ ಎಂದು ಅವನು ಸಂಗೀತಕ್ಕೇ ಬೈದ. ಕೊನೆಗೆ ಯಾರೋ ಎತ್ತಿ, “ಸರ್, ರೂಟರ್ ಎಲ್ಲಿಟ್ಟಿದ್ದೀರಿ?” ಎಂದು ಕೇಳಿದರು. “ಇಡಬೇಕಾದ ಜಾಗದಲ್ಲೇ ಇಟ್ಟಿದೀನಿ, ನಿಮ್ಮ ಲೈನು ಸರಿಮಾಡಿ ಮೊದಲು” ಎಂದು ಗದರಿ ಫೋನಿಟ್ಟ.

ಹೆಚ್ಚು ವೇಗದ ಪ್ಲಾನ್ ಹಾಕಿಸಿದ. ಪ್ರಯೋಜನವಾಗಲಿಲ್ಲ. ಹಳೆಯದನ್ನು ತೆಗೆದು ನಾಲ್ಕು ಕೊಂಬಿನ ದೊಡ್ಡ ರೂಟರ್ ತಂದ. ಆಗ ಸೊಸೆ ದೇವರ ಮನೆಯ ಹೊಸ್ತಿಲಾಚೆ ನಿಂತು, ಕೈಯನ್ನು ಮಂಟಪದ ಕಡೆ ಚಾಚಿ, ಹೆದರುತ್ತ ಹೇಳಿದಳು, “ಮಾವ, ಅದನ್ನ ಆ ಮಂಟಪದಿಂದ...”

“ಗೊತ್ತು ಕಣಮ್ಮ, ನಾನೂ ಅದನ್ನೇ ನೋಡ್ತಿದೀನಿ. ಕೊಂಬು ಒಳಗೆ ಹಿಡಿಸ್ತಿಲ್ಲ. ನಾಳೆಯೇ ದೊಡ್ಡ ಮಂಟಪ ತರ್ತೀನಿ.”

ತಂದ. ಹೇಳಿದ ಮಾತಿಗೆ ತಪ್ಪುವವನಲ್ಲ. ದೊಡ್ಡ ಮಂಟಪದ ತಗಡೂ ದಪ್ಪ, ಬಾಗಿಲೂ ಗಟ್ಟಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇವನು ಅಷ್ಟಕ್ಕೂ ಕಾಯುವವನಲ್ಲ. ಎತ್ತು ಎಂದು ಕಿವಿಗೆ ಬಿದ್ದೊಡನೆ ಕೊಟ್ಟಿಗೆಯನ್ನೇ ಕಟ್ಟಿಸುತ್ತಿದ್ದ.

ಒಂದು ದಿನ ಶಾಲೆಯವರು ಕಡೆಯ ಮಾತು ಹೇಳಿದರು. ಹಿರಿಯ ಶಿಕ್ಷಕಿಯರು ಕೂತು ಅವಳ ಪಾಠ ನೋಡುತ್ತಾರೆ. ಪಾಠ ತಡೆಯಿಲ್ಲದೆ ನಡೆದರೆ ಅವಳು ಮನೆಯಿಂದಲೇ ಕಲಿಸಬಹುದು, ಇಲ್ಲದಿದ್ದರೆ ಮುಂದಿನ ವಾರದಿಂದ ಶಾಲೆಯ ಊರಿಗೇ ಹೋಗಬೇಕು.

ಅಂದು ಬೆಳಿಗ್ಗೆ ವ್ಯಾಪಾರಿ ವಿಶೇಷ ಪೂಜೆ ಇಟ್ಟುಕೊಂಡ. ಕೊಂಬುಕೊಂಬಿಗೂ ಮಲ್ಲಿಗೆ ಸುತ್ತಿದ. ನೆತ್ತಿಗೆ ಗಂಧವಿಟ್ಟ. ಕರ್ಪೂರ ಬೆಳಗಿದ. ನಾಲ್ಕು ಹನಿ ತೀರ್ಥವನ್ನೂ ಪ್ರೋಕ್ಷಿಸಿದ. ಬಾಗಿಲು ಹಾಕಿ, ಇನ್ನೇನೂ ಭಯವಿಲ್ಲ ಎಂದುಕೊಂಡು ಅಂಗಡಿಗೆ ಹೋದ.

ಪಾಠ ಶುರುವಾಯಿತು. ಸೊಸೆ ಕೈ ಎತ್ತಿದಳು. ಪರದೆ ನಿಂತಿತು.

ಅವಳು ಓಡಿಬಂದು ದೇವರ ಮನೆಯ ಹೊಸ್ತಿಲ ಬಳಿ ನಿಂತಳು. ಮಂಟಪದ ಬಾಗಿಲ ಸಂದಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಮಂಟಪ ಕೈಗೆಟುಕುವಷ್ಟು ಹತ್ತಿರವಿತ್ತು. ಅಡುಗೆಮನೆಯಿಂದ ಅತ್ತೆ, “ಮುಟ್ಟಬೇಡ್ವೇ, ಮೈಲಿಗೆ! ಅವರಿಗೆ ಫೋನು ಮಾಡಿದೀನಿ, ಬರ್ತಾರೆ, ಸ್ನಾನ ಮಾಡಿ ಸರಿಮಾಡ್ತಾರೆ” ಎಂದು ಕೂಗಿದಳು. ಅತ್ತೆಯೂ ಕೆಟ್ಟವಳಲ್ಲ. ಅವಳ ಕಣ್ಣಲ್ಲೂ ನೀರಿತ್ತು.

ವ್ಯಾಪಾರಿ ಗಿರಾಕಿಯ ಕೈಯಲ್ಲೇ ಕೊಡ ಬಿಟ್ಟು ಓಡಿಬಂದ. ಮೈಮೇಲೆ ಕೊಡಗಟ್ಟಲೆ ತಣ್ಣೀರು ಸುರಿದುಕೊಂಡ. ಹಲ್ಲು ಕಟಕಟ ಎನ್ನುತ್ತಿದ್ದಂತೆ ಒಳಗೆ ಹೋಗಿ, ಮಂಟಪ ತೆರೆದು, ಸ್ವಿಚ್ ಆರಿಸಿ, ಕಣ್ಣುಮುಚ್ಚಿ, ಇಷ್ಟದೇವರನ್ನೆಲ್ಲ ನೆನೆದು, ಮತ್ತೆ ಹಾಕಿದ. ಕೆಂಪು ಹೋಯಿತು. ಒಂದೊಂದಾಗಿ ದೀಪಗಳು ಹಸಿರಾದವು. ವ್ಯಾಪಾರಿ ಸಂತೋಷ ತಡೆಯಲಾರದೆ ದೇವರ ಗಂಟೆ ಬಾರಿಸಿದ.

“ಬಂತು ಕಣಮ್ಮಾ, ಬಂತು!” ಎಂದು ಕೂಗುತ್ತ ಹಿಂದಿನ ಕೋಣೆಗೆ ಓಡಿದ.

ಕೋಣೆ ಖಾಲಿಯಿತ್ತು.

ಎದುರುಮನೆಯಲ್ಲಿ ಒಬ್ಬ ದರ್ಜಿ ಇದ್ದ. ಅವನ ಮನೆಯಲ್ಲೂ ರೂಟರ್ ಇತ್ತು. ಪಡಸಾಲೆಯಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ, ಒಂದು ಮೊಳೆಗೆ ನೇತುಬಿದ್ದಿತ್ತು. ಧೂಳು ಕೂತಿತ್ತು, ನೂಲಿನ ಎಳೆ ಸುತ್ತಿಕೊಂಡಿತ್ತು. ಅದಕ್ಕೆ ಯಾರೂ ಹೂವು ಮುಡಿಸಿರಲಿಲ್ಲ. ಅದು ಅಲ್ಲಿದೆ ಎಂಬುದನ್ನೇ ಆ ಮನೆಯವರು ಮರೆತಿದ್ದರು. ಸೊಸೆ ಲ್ಯಾಪ್‌ಟಾಪು ಎತ್ತಿಕೊಂಡು ಅಲ್ಲಿಗೆ ಓಡಿದ್ದಳು.

ವ್ಯಾಪಾರಿ ಒದ್ದೆ ಪಂಚೆಯಲ್ಲೇ ಬೀದಿ ದಾಟಿದ. ಬಾಗಿಲಲ್ಲಿ ನಿಂತು ನೋಡಿದ. ಹೊಲಿಗೆಯ ಬಟ್ಟೆರಾಶಿಯ ನಡುವೆ ಜಾಗ ಮಾಡಿಕೊಂಡು ಸೊಸೆ ಕೂತಿದ್ದಳು. ಅವಳ ಕೈಗಳು ಆಡುತ್ತಿದ್ದವು. ಪರದೆಯ ತುಂಬ ಮಕ್ಕಳು. ಅವಳು ಅಷ್ಟು ದಿನ ಪಾಠ ಹೇಳಿದ್ದಳು. ಅವನು ನೋಡಿದ್ದು ಅಂದೇ ಮೊದಲು.

ಆ ಮಕ್ಕಳು ಕೇಳುವ ರೀತಿ ಅವನಿಗೆ ಹೊಸದಾಗಿತ್ತು. ಅವಳ ಕೈ ನಿಲ್ಲುವವರೆಗೆ ಒಂದು ಮಗುವಿನ ಕೈಯೂ ಏಳುತ್ತಿರಲಿಲ್ಲ. ಒಂದು ಮಗು ಕೈ ಎತ್ತಿದರೆ ಉಳಿದವೆಲ್ಲ ಅದರ ಕಡೆ ನೋಡುತ್ತಿದ್ದವು. ಅದು ತಡವರಿಸಿದರೆ ಕಾಯುತ್ತಿದ್ದವು. ಕಣ್ಣು ಬೇರೆ ಕಡೆ ಹೊರಳಿದರೆ ಮಾತೇ ತಪ್ಪಿಹೋಗುವ ಭಾಷೆ ಅದು. ನಡುವೆ ಬಾಯಿ ಹಾಕುವುದಕ್ಕೆ ಅಲ್ಲಿ ಬಾಯಿಯೇ ಇರಲಿಲ್ಲ.

ದರ್ಜಿಯ ಹೆಂಡತಿ, “ಒಳಗೆ ಬನ್ನಿ ಶೆಟ್ರೇ, ಒದ್ದೆ ಬಟ್ಟೇಲಿ ಯಾಕೆ ನಿಂತಿದೀರಿ? ನೆಗಡಿ ಆಗುತ್ತೆ” ಎಂದಳು. ವ್ಯಾಪಾರಿ ಹಾಗೇ ಹಿಂದಿರುಗಿದ.

ಪಾಠ ಚೆನ್ನಾಗಿ ನಡೆಯಿತು. ಶಾಲೆಯವರು ಮೆಚ್ಚಿದರು. ಮನೆಯಿಂದಲೇ ಮುಂದುವರಿಸಿ ಎಂದರು.

“ಸದ್ಯ!” ಎಂದ ಅಡವೀಶಯ್ಯ. “ಆಮೇಲಾದರೂ ಆ ಮನುಷ್ಯ ರೂಟರನ್ನ ಮಂಟಪದಿಂದ ಇಳಿಸಿದನಲ್ಲ, ಅಷ್ಟು ಸಾಕು.”

“ಎಲ್ಲಿಯ ಇಳಿಸೋದಪ್ಪಾ!” ಎಂದರು ಗುರುಗಳು. ಅವರ ದನಿಯಲ್ಲಿಯೂ ಈಗ ಬೇಸರ ಕಂಡಿತು. ಈ ಕತೆಯನ್ನು ಅವರು ಎಷ್ಟೋ ಜನಕ್ಕೆ ಎಷ್ಟೋ ರೀತಿಯಲ್ಲಿ ಹೇಳಿರಬೇಕು.

ವ್ಯಾಪಾರಿ ಮಾರನೆಯ ದಿನ ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ. “ನಮ್ಮ ಪೂಜೆ ಫಲಿಸಿತು ನೋಡಿ. ಗಂಟೆ ಬಾರಿಸಿದ ಹೊತ್ತಿಗೇ ಸೊಸೆಯ ಪಾಠ ಸರಿಹೋಯ್ತು” ಎಂದ. ಅಂದಿನಿಂದ ರೂಟರಿಗೆ ಸಂಜೆಯೂ ಒಂದು ಮಂಗಳಾರತಿ ಸೇರಿತು.

ಸೊಸೆ ದಿನಾ ಪಾಠದ ಹೊತ್ತಿಗೆ ದರ್ಜಿಯ ಮನೆಗೆ ಹೋಗತೊಡಗಿದಳು. ಮೊದಮೊದಲು ಪಾಠ ಮುಗಿದೊಡನೆ ಬರುತ್ತಿದ್ದಳು. ಆಮೇಲೆ ದರ್ಜಿಯ ಹೆಂಡತಿಯೊಡನೆ ಎರಡು ಮಾತಾಡಿ ಬರುತ್ತಿದ್ದಳು. ಆಮೇಲೆ ಅವಳ ನಗುವೆಲ್ಲ ಎದುರುಮನೆಯಲ್ಲೇ ಖರ್ಚಾಗಿ, ಈ ಮನೆಯ ಊಟದ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. ವ್ಯಾಪಾರಿ ಮತ್ತೆ ಸಾರಿನ ಉಪ್ಪಿನ ಬಗ್ಗೆ ಮಾತಾಡತೊಡಗಿದ.

ಒಂದು ದಿನ ಮಗ ಸರಕು ತಂದು ಹಿಂದಿರುಗಿದಾಗ, ಅವನೂ ಸೊಸೆಯೂ ಬಂದು ವ್ಯಾಪಾರಿಯ ಎದುರಿಗೆ ನಿಂತರು. ಶಾಲೆಯ ಊರಿಗೆ ಹೋಗಿ ಇರುತ್ತೇವೆ ಎಂದರು. ಈಗ ಶಾಲೆಯವರ ಒತ್ತಾಯವಿರಲಿಲ್ಲ. ಸೊಸೆಯೇ ಕೇಳಿಕೊಂಡಿದ್ದಳು.

ವ್ಯಾಪಾರಿ ಕುಸಿದು ಕೂತ.

“ನಿನಗೆ ನಾನು ಏನು ಕಡಿಮೆ ಮಾಡಿದೆ ಕಣಮ್ಮ? ಅಲ್ಲಾ, ಏನಾದರೂ ಬೇಕಿದ್ದರೆ ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ?”

ಸೊಸೆಯ ಕಣ್ಣು ತುಂಬಿತು. ಅವನ ಪಕ್ಕದಲ್ಲೇ ಕೂತು, “ಮಾವ, ನಾನು ಮೊದಲ ದಿನದಿಂದಲೂ ನಿಮಗೆ...” ಎಂದು ಶುರುಮಾಡಿದಳು.

“ಗೊತ್ತು ಕಣಮ್ಮ” ಎಂದ ವ್ಯಾಪಾರಿ. “ಈ ಸಣ್ಣ ಊರು ನಿನಗೆ ಹಿಡಿಸಲಿಲ್ಲ.”

ಸೊಸೆ ಬಗ್ಗಿ ಕಾಲುಮುಟ್ಟಿ ನಮಸ್ಕಾರ ಮಾಡಿ, ಗಂಡನ ಜೊತೆ ಹೊರಟುಹೋದಳು.

ಆ ಮನೆಯಲ್ಲಿ ರೂಟರ್ ಈಗಲೂ ಇದೆ. ದಿನಾ ಎರಡು ಹೊತ್ತು ಪೂಜೆಯಾಗುತ್ತದೆ. ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತವೆ. ಅದು ಬೇಕಾದವರು ಮಾತ್ರ ಮನೆಯಲ್ಲಿಲ್ಲ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಅಡವೀಶಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ವ್ಯಾಪಾರಿಯ ಮೇಲೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಎಂಥಾ ಮನುಷ್ಯ ಬುದ್ಧೀ ಅವನು! ಚಿನ್ನದಂಥ ಸೊಸೆ. ಬಾಯಿಬಿಟ್ಟು ಹೇಳೋಕೆ ಬಂದಿದ್ದಾಳೆ, ಅದೂ ಎಷ್ಟು ಸಲ! ಒಂದೇ ಒಂದು ಸಲ ಪೂರ್ತಿ ಕೇಳಿದ್ದರೆ ಅವನ ಗಂಟೇನು ಹೋಗ್ತಿತ್ತು? ಕಡೆಗೆ ಹೊರಡೋ ಹೊತ್ತಲ್ಲೂ ಬಿಡಲಿಲ್ಲವಲ್ಲ! ನಾನೇನಾದರೂ ಆ ಜಾಗದಲ್ಲಿ ಇದ್ದಿದ್ದರೆ ಅವಳನ್ನ ಎದುರಿಗೆ ಕೂರಿಸಿಕೊಂಡು, ‘ಹೇಳು ತಾಯಿ, ನಿನ್ನ ಮನಸ್ಸಲ್ಲಿ ಇರೋದೆಲ್ಲ ಹೇಳು’ ಅಂತ ಕೇಳ್ತಿದ್ದೆ. ಹೆಣ್ಣುಮಕ್ಕಳ ಮನಸ್ಸು ಅರ್ಥ ಮಾಡಿಕೊಳ್ಳೋಕೆ ಒಂದು ಯೋಗ್ಯತೆ ಬೇಕು ಬುದ್ಧೀ, ಯೋಗ್ಯತೆ ಬೇಕು. ಪೂಜೆ ಮಾಡಿಬಿಟ್ಟರೆ ಬರುತ್ತಾ ಅದು?”

ಗುರುಗಳು ಅಡ್ಡ ಬರಲಿಲ್ಲ. ಅವನು ಹೇಳುವುದನ್ನೆಲ್ಲ ಹೇಳಿದ. ಮೂಢರ ಲಕ್ಷಣಗಳನ್ನು ಹೇಳಿದ, ಮೂಢರ ಮನೆಯಲ್ಲಿ ಹುಟ್ಟಿದವರ ಕಷ್ಟ ಹೇಳಿದ, ತನ್ನ ಶಾಲೆಯ ಎರಡು ಪ್ರಸಂಗಗಳನ್ನು ಹೇಳಿದ. ಕೊನೆಗೆ ಮಾತು ತೀರಿ, ಉಸಿರು ಬಿಟ್ಟು, ಮೆಚ್ಚುಗೆಗಾಗಿ ಗುರುಗಳ ಮುಖ ನೋಡಿದ.

“ಅಡವೀಶಯ್ಯ” ಎಂದರು ಗುರುಗಳು, “ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ನಿನ್ನ ಮಗಳು ಹೇಳಬೇಕು ಅಂತಿದ್ದ ಆ ಮಾತು ಯಾವುದು?”

ಅಡವೀಶಯ್ಯ ಬಾಯಿ ತೆರೆದ. ಬಹಳ ಹೊತ್ತು ಅದು ತೆರೆದೇ ಇತ್ತು.